ನಾಪೋಕ್ಲು, ಕೇಳಿಸ್ತಾ?

ರೈಲೇ ಬಾರದ ಕೊಡಗಿನಲ್ಲಿ
ಒಂದು ಮೊಳ ರೈಲುಕಂಬಿ
ನಮ್ಮ ಶಾಲೆಯ ಹಲಸಿನ ಕೊಂಬೆಗೆ ನೇತಾಡುತ್ತದೆ.
ಹತ್ತೊಂಬತ್ತು ವರ್ಷ ಅದನ್ನು ಬಾರಿಸಿದವನು ನಾನು.

ಶಾಲೆಗೆ ಐದು ಶಾಖೆ:
ಮಡಿಕೇರಿ, ಸಿದ್ದಾಪುರ, ಶನಿವಾರಸಂತೆ, ಕುಟ್ಟ, ನಾವು.
ಟೈ ಒಂದೇ, ಪ್ರಾರ್ಥನೆ ಒಂದೇ,
ಗಂಟೆ ಮಾತ್ರ ಅವರವರದು.
ನಮ್ಮದು ನಾಲ್ಕು ನಿಮಿಷ ತಡ,
ಭಾಗಮಂಡಲದ ಬಸ್ಸಿನ ಮಕ್ಕಳು ಒಳಗೆ ಬರಲಿ ಎಂದು.
ಯಾರೂ ಕೇಳಿರಲಿಲ್ಲ.

ವಿಜ್ಞಾನದ ಮೇಷ್ಟ್ರು ಬಿಟ್ಟು ಹೋದರು.
ದಸರಾ ರಜೆ ಮುಗಿಯುವಷ್ಟರಲ್ಲಿ ಅವರ ಜಾಗಕ್ಕೆ
ಗೋಡೆಯಗಲದ ಪರದೆ ಬಂತು,
ಅದರ ನೆತ್ತಿಗೆ ಗುಲಗಂಜಿಯಷ್ಟು ಕ್ಯಾಮೆರಾ,
ನನ್ನ ಕೈಗೆ ಒಂದು ಮೈಕು, ಒಂದು ರಿಮೋಟು,
ಮತ್ತು ಸುತ್ತೋಲೆ: ಇನ್ನು ಮುಂದೆ ಐದೂ ಕಡೆ
ಒಂಬತ್ತು ನಲವತ್ತೆಂದರೆ ಒಂಬತ್ತು ನಲವತ್ತು.
ಬಸ್ಸಿನ ಮಕ್ಕಳು ಈಗ ಪಾಠದ ನಡುವೆ ಬರುತ್ತಾರೆ,
ಕ್ಯಾಮೆರಾಕ್ಕೆ ಕಾಣದಂತೆ ಬಗ್ಗಿಕೊಂಡು.

"ಲೈವ್ ಅಂದ್ರೆ ಏನಣ್ಣ?" ಕೇಳಿದ ಮಂದಣ್ಣ.
"ಈಗಲೇ ನಡೀತಾ ಇರೋದು."
"ಹಾಗಾದ್ರೆ ಮುಂಚಿನ ಮೇಷ್ಟ್ರು?"
ನಾನು ಪ್ಲಗ್ಗು ಸರಿಮಾಡಿದೆ.

ಪರದೆಯಲ್ಲಿ ದೇಚಕ್ಕ ಮೇಡಂ.
ಅವರ ಕಿಟಕಿಯಲ್ಲಿ ಮಂಜು,
ನಮ್ಮ ಕಿಟಕಿಯಲ್ಲಿ ಬಟ್ಟೆ ಒಣಗುವ ಬಿಸಿಲು;
ನಡುವೆ ಇಪ್ಪತ್ತು ಚಿಲ್ಲರೆ ಕಿಲೋಮೀಟರು
ಮತ್ತು ಎರಡು ಸೆಕೆಂಡು.
ಅವರು ಜೋಕು ಹೇಳಿದರೆ ಮಡಿಕೇರಿ ಮೊದಲು ನಗುತ್ತದೆ,
ನಾವು ನಗುವಾಗ ಮೇಡಂ ಗುರುತ್ವಕ್ಕೆ ಹೋಗಿರುತ್ತಾರೆ.
"ನಾಪೋಕ್ಲು, ಏನದು ನಗು?"

ಹೌದು, ಅವರಿಗೆ ನಾವು ಊರು.
"ನಾಪೋಕ್ಲು, ಕೇಳಿಸ್ತಾ?
ನಾಪೋಕ್ಲು, ಕೊನೇ ಬೆಂಚು, ಎರಡು ಜಡೆ, ನೀನು ಹೇಳು."
ಎರಡು ಜಡೆ ಅಂದರೆ ಸಫೂರಾ.
ಎದ್ದು ಸರಿಯುತ್ತರ ಹೇಳಿದಳು.
"ವೆರಿ ಗುಡ್, ನಾಪೋಕ್ಲು!"
ಊರಿಗೆ ಊರೇ ಹೊಗಳಿಸಿಕೊಂಡಿತು,
ಸಫೂರಾ ಒಬ್ಬಳನ್ನು ಬಿಟ್ಟು.

ಅವತ್ತು ಸಂಜೆ ಬಿಸ್ಕತ್ತಿನ ರಟ್ಟು ಕತ್ತರಿಸಿ ಕೂತೆ.
ಒಂದು ಹೆಸರು ಬರೆದು ಕ್ಯಾಮೆರಾಕ್ಕೆ ಹಿಡಿದರೆ
ಪರದೆಯಲ್ಲಿ ಅಕ್ಷರವೆಲ್ಲ ತಿರುವುಮುರುವು,
ಬಲಗಡೆಯ ಕೊಂಬು ಎಡಕ್ಕೆ.
ಓಹೋ, ಇದಕ್ಕೆ ಹೀಗೆ ಬೇಕೋ ಎಂದುಕೊಂಡು
ಮೂವತ್ತೊಂದು ಹೆಸರನ್ನೂ ತಿರುಗಿಸಿ ಬರೆದೆ.
ಯರವರ ಚಾತ ಎರಡೇ ಅಕ್ಷರ, ಬೇಗ ಮುಗಿದ.
ಅಸ್ಸಾಮಿನಿಂದ ತೋಟಕ್ಕೆ ಬಂದವರ ಮಗ ರಫೀಕುಲ್,
ಅವನ ದೀರ್ಘ ಮೂರು ಸಲ ತಪ್ಪಿತು.
ಪರದೆಯಲ್ಲಿ ಎಲ್ಲ ಮುತ್ತು ಪೋಣಿಸಿದ ಹಾಗೆ ಕಂಡವು.
ದೀಪ ಆರಿಸುವಾಗ ಎಂಟೂವರೆ.

ಬೆಳಗ್ಗೆ ಮೇಡಂ ಕನ್ನಡಕ ತೆಗೆದರು, ಹಾಕಿದರು.
"ನಾಪೋಕ್ಲು, ಇದು ಯಾವ ಭಾಷೆ?"
ಮಡಿಕೇರಿ ಹೊಟ್ಟೆ ಹಿಡಿದುಕೊಂಡು ನಕ್ಕಿತು.
ಪರದೆ ನಮಗೆ ನಮ್ಮನ್ನು ತೋರಿಸುವಾಗ ಮಾತ್ರ ಕನ್ನಡಿಯಂತೆ,
ಅತ್ತ ಕಡೆಗೆ ಇದ್ದದ್ದು ಇದ್ದ ಹಾಗೇ ಹೋಗುತ್ತದಂತೆ.
ಕಂಬಿ ಬಾರಿಸುವವನಿಗೆ ಯಾರು ಹೇಳಿದ್ದರು?

ಕಿವಿ ಬಿಸಿಯಾಗಿ ರಿಮೋಟು ಹುಡುಕುತ್ತಿದ್ದೆ.
ಮೇಡಂ ಬ್ಯಾಗಿನ ಜಿಪ್ಪು ಎಳೆದು
ಅಂಗೈಯಗಲದ ಕನ್ನಡಿ ತೆಗೆದರು,
ನಮಗೆ ಬೆನ್ನು ಹಾಕಿ ನಿಂತು
ಅದನ್ನು ಹೆಗಲ ಮೇಲೆ ಎತ್ತಿ ಹಿಡಿದರು.
ಕನ್ನಡಿಯೊಳಗೆ ಅವರ ಒಂದು ಕಣ್ಣು, ನಮ್ಮ ಕಡೆಗೆ.
"ಸ... ಫೂ... ರಾ."
ಕೊನೇ ಬೆಂಚು ಎದ್ದು ನಿಂತಿತು.
"ಚಾತ. ಮಂದಣ್ಣ. ರಫಿ... ಅಲ್ಲ, ರಫೀಕುಲ್."
ಮೂವತ್ತೊಂದೂ.
ಕುಟ್ಟ, ಸಿದ್ದಾಪುರ ಸದ್ದಿಲ್ಲದೆ ಕೇಳಿಸಿಕೊಂಡವು,
ಮದುವೆಮನೆಯಲ್ಲಿ ಬೇರೆಯವರ ಮುಯ್ಯಿ ಓದುವಾಗ ಕೇಳಿದ ಹಾಗೆ.
ಬೆಳಕಿನ ಪ್ರತಿಫಲನ ಐದನೆಯ ಪಾಠ;
ಅವತ್ತು ನಡೆಯಬೇಕಾಗಿದ್ದದ್ದು ಮೂರನೆಯದು.

ಕೊನೆಗೆ ತಿರುಗಿ, "ಇದನ್ನು ಬರೆದವರು ಯಾರು?" ಅಂದರು.
ಅಷ್ಟೂ ತಲೆ ನನ್ನ ಕಡೆ.
ಗಂಟಲು ಸರಿಮಾಡಿ, ನೆಟ್ಟಗೆ ನಿಂತು,
ಮನೆತನದ ಹೆಸರೂ ಸೇರಿಸಿ ಹೇಳಿದೆ.

ಮೈಕು ಆಫಾಗಿತ್ತು.

"ನಾಪೋಕ್ಲು, ಕೇಳಿಸ್ತಿಲ್ಲ."