ತೂಕದ ಕಟ್ಟೆಯ ಹತ್ತಿರ

ವಿರಾಜಪೇಟೆ ಬಿಟ್ಟಾಗ ಮಂಜು ಇನ್ನೂ ಎದ್ದಿರಲಿಲ್ಲ.
ಟೆಂಪೋದಲ್ಲಿ ಹದಿನೇಳು ಗಂಟಲು, ಒಂದು ಹಾರ್ಮೋನಿಯಂ,
ಶುಂಠಿ ಬೆಲ್ಲದ ಡಬ್ಬಿ ಕೈಯಿಂದ ಕೈಗೆ.
ಡ್ರೈವರ್ ಮೊಯ್ದು ಕನ್ನಡಿಯಲ್ಲೇ ಕೇಳಿದ:
ಅಬ್ಬಿ ಬೇಡ, ದುಬಾರೆ ಬೇಡ, ರಾಜಾಸೀಟ್ ಬೇಡ,
ಮತ್ತೆ ಯಾವ ಪಾಯಿಂಟು ಟೀಚರೇ?
ಫ್ಲೇವಿಯಾ ಟೀಚರ್ ನೋಟ್‌ಬುಕ್ ಬಿಚ್ಚಿದರು.
ಬೋರ್ಡಿಲ್ಲದ ಜಾಗಗಳು, ಅಂದರು,
ಯಾರೋ ಒಮ್ಮೆ ಆಗೋದಿಲ್ಲ ಅಂದ ಜಾಗಗಳು.
ಹೋಗಿ ಹಾಡಿ ಬರೋಣ.

ಮೊದಲನೆಯದು ಸಿದ್ದಾಪುರದ ಪೇಟೆಯಲ್ಲಿ.
ಹೊರಗಿನ ಗೂಟಕ್ಕೆ ತಗಡಿನ ಲೋಟ ತೂಗುತ್ತಿದ್ದ ಹೋಟೆಲು.
ಒಂದು ಸಂತೆಯ ದಿನ ತೋಲ ಎಂಬವನು
ಒಳಗೆ ಹೋಗಿ ಬೆಂಚಿನ ಮೇಲೆ ಕೂತು
ಗಾಜಿನ ಲೋಟದಲ್ಲಿ ಕಾಫಿ ಕೇಳಿದನಂತೆ.
ಸಂಜೆಯವರೆಗೆ ಕೂತನಂತೆ. ಕಾಫಿ ಬಂತೋ ಇಲ್ಲವೋ
ಎಂಬುದರಲ್ಲಿ ಟೀಚರ ನೋಟ್‌ಬುಕ್ಕಿಗೇ ಎರಡು ಅಭಿಪ್ರಾಯ.
ಈಗ ಅಲ್ಲಿ ಮೊಬೈಲಿನ ಗಾಜು ಬದಲಿಸುತ್ತಾರೆ.
ನಾವು ಫುಟ್‌ಪಾತಿನಲ್ಲಿ ಸಾಲಾಗಿ ನಿಂತು
ನಾಲ್ಕು ದನಿಗಳಲ್ಲಿ ಹಾಡಿದೆವು.
ಅಂಗಡಿಯ ಹುಡುಗ ರೀಲ್ ಮಾಡಿಕೊಂಡ.
ಬೆನ್ನಿಯ ಮುಂದೆ ಯಾರೋ ಹತ್ತು ರೂಪಾಯಿ ಇಟ್ಟು ಹೋದರು.

ಎರಡನೆಯದಕ್ಕೆ ದಾರಿ ಆನೆ ಮುರಿದ ಬೇಲಿ ದಾಟಿ.
ಕಾಫಿ ಹೂ ಬಿಟ್ಟು ವಾರ ಕಳೆದಿತ್ತು,
ಬಿಳುಪೆಲ್ಲ ಕಂದಿ ಗೆಲ್ಲುಗಳಿಗೆ ಅಂಟಿಕೊಂಡಿತ್ತು.
ಹಳೇ ತೋಟದ ತೂಕದ ಕಟ್ಟೆ:
ಒಂದು ಕಬ್ಬಿಣದ ಕೊಕ್ಕೆ, ಪಾಚಿ, ಹಲ್ಲಿ.
ಇಲ್ಲೇ ಒಂದು ಕೊಯ್ಲಿನಲ್ಲಿ ಲೈನ್ ಮನೆಯ ಹೆಂಗಸರು
ಕುಕ್ಕೆ ಇಳಿಸಿ, ಸಾಲದ ಪುಸ್ತಕ ತೋರಿಸುವವರೆಗೆ
ಮತ್ತೆ ಎತ್ತುವುದಿಲ್ಲ ಅಂದದ್ದು.

ನಾನು ಆಲ್ಟೋ. ನನ್ನ ದನಿ ಯಾರಿಗೂ ಬೇರೆಯಾಗಿ ಕೇಳಿಸುವುದಿಲ್ಲ,
ಅದೇ ನನಗೆ ಅನುಕೂಲ.
ಈ ತೋಟದ ಹೆಸರು ನೋಟ್‌ಬುಕ್ಕಿನಲ್ಲಿ ಕಂಡ ದಿನದಿಂದ
ಹೇಳಬೇಕು ಹೇಳಬೇಕು ಅಂದುಕೊಂಡೇ ಹೇಳದೆ ಬಂದಿದ್ದೆ:
ಆ ಪುಸ್ತಕ ಬರೆದವರು ನಮ್ಮಪ್ಪ.
ರೈಟರ್ ಇನ್ನಾಸಪ್ಪ. ಏಳು ಬರೆದರೆ
ಕೊಡೆಯ ಹಿಡಿಯ ಹಾಗೆ ಬಾಗಬೇಕು ಎಂದು
ನನ್ನ ಬೆರಳು ಹಿಡಿದು ತಿದ್ದಿಸಿದವರು.

ಕರ್ಪಿ ಬಂದಳು, ಮೊಮ್ಮಗಳ ಹೆಗಲು ಹಿಡಿದು.
ಒಬ್ಬೊಬ್ಬರನ್ನೇ ನೋಡುತ್ತ ಬಂದು ನನ್ನೆದುರು ನಿಂತಳು.
"ಈ ಮೂಗು ನಂಗೆ ಗೊತ್ತು."
ಹದಿನಾರು ತಲೆ ತಿರುಗಿದವು.
"ಓದು ಬರ್ತಿರಲಿಲ್ಲ ಕೂಸೇ. ಆದ್ರೂ ನನ್ನ ಹೆಸರು ಎಲ್ಲಿದೆ ಅಂತ
ದೂರದಿಂದ್ಲೇ ಗುರ್ತು ಹಿಡೀತಿದ್ದೆ.
ಅಷ್ಟು ದುಂಡಗೆ ಬರೀತಿದ್ರು ನಿಮ್ಮಪ್ಪ.
ಗಂಡನ ಸಾಲ, ಮಾವನ ಸಾಲ, ಎಲ್ಲ ದುಂಡಗೆ."

ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ.

ಹಾಡಿ, ಅಂದಳು. ಹಾಡಿದೆವು.
ಬೆನ್ನಿಯ ಬಾಸ್ ನಡುಗಿತು, ನಾನು ಬಾಯಷ್ಟೇ ಆಡಿಸಿದೆ.
ಮುಗಿದ ಮೇಲೆ ಎಲೆಗೆ ಸುಣ್ಣ ಸವರುತ್ತ ಹೇಳಿದಳು:
"ಚೆಂದ. ಆದ್ರೆ ಅವತ್ತು ಇಲ್ಲಿ ಹಾಡಿರಲಿಲ್ಲ ಯಾರೂ.
ಮೊದಲು ನಮ್ಮತ್ತೆ ಕುಕ್ಕೆ ಇಳಿಸಿದ್ಲು. ಧಪ್.
ಆಮೇಲೆ ಎಷ್ಟೋ ಹೊತ್ತು ಏನೂ ಇಲ್ಲ.
ಆ ಹೊತ್ತಲ್ಲೇ ನಂಗೆ ಹೆದರಿಕೆ ಆಗಿದ್ದು.
ಆಮೇಲೆ ಎರಡನೇದು."
ಎರಡನೇದು ಯಾರದು ಅಂತ ಬೆನ್ನಿ ಕೇಳಿದ.
ಅವಳು ಎಲೆ ಮಡಚುವುದರಲ್ಲಿದ್ದಳು.

ವಾಪಸು ಬರುವಾಗ ಯಾರೂ ಶುಂಠಿ ಬೆಲ್ಲದ ಡಬ್ಬಿ ತೆಗೆಯಲಿಲ್ಲ.
ಅಮ್ಮತ್ತಿಯ ತಿರುವಿನಲ್ಲಿ ಸಗಾಯಮೇರಿ
ಅರ್ಧ ಕಿತ್ತಳೆ ನನ್ನ ಮಡಿಲಿಗೆ ಹಾಕಿದಳು,
ಕಿಟಕಿಯ ಹೊರಗೆ ನೋಡುತ್ತಲೇ.

ಭಾನುವಾರ, ಎರಡನೇ ಪೂಜೆ. ಕಾಣಿಕೆಯ ಹಾಡಿನಲ್ಲಿ
ಆಲ್ಟೋಗೆ ನಾಲ್ಕು ಎಣಿಕೆ ಮೌನವಿದೆ,
ಹಾಳೆಯಲ್ಲಿ ಪೆನ್ಸಿಲಿನ ಗೀಟು.
ಇಪ್ಪತ್ತು ವರ್ಷದಿಂದ ಅಲ್ಲಿ ಬರೀ ಉಸಿರು ತೆಗೆದುಕೊಂಡವಳು ನಾನು.
ಒಂದು.
ಹಿಂದಿನ ಬೆಂಚಿನಲ್ಲಿ ಯಾರೋ ಚೀಲ ನೆಲಕ್ಕಿಟ್ಟರು.
ಎರಡು, ಮೂರು,
ನಾಲ್ಕು ಕಳೆದು ಐದು, ಆರು,
ಬಾಗಿದ ಏಳು.
ಟೀಚರ್ ಕನ್ನಡಕದ ಮೇಲಿಂದ ನೋಡುತ್ತಿದ್ದಾರೆ.
ನಾನಿನ್ನೂ ದನಿ ಎತ್ತಿಲ್ಲ.