ಕನಿಷ್ಠ ನೂರೈವತ್ತು ತಟ್ಟೆ

ದಿವಾಡಿಯ ಫೆರಿ ಇಳಿದು ಮೂರು ತಿರುವು, ಒಂದು ಶಿಲುಬೆ,
ಆಮೇಲೆ ಗೇಟು. ತುಕ್ಕಿನೊಳಗೆ ಇಸವಿ:
ಸಾವಿರದ ಏಳುನೂರ ತೊಂಬತ್ತೆರಡೋ, ತೊಂಬತ್ತೇಳೋ.
"ಎರಡಾದರೂ ನಮಗಿಂತ ಹಿರಿಯದೇ," ಎಂದರು ಪೆಂಡಸೆ,
ಮಂಡಿಯ ಪಟ್ಟಿಯನ್ನು ಪ್ಯಾಂಟಿನ ಮೇಲಿಂದಲೇ ಸರಿಮಾಡಿಕೊಳ್ಳುತ್ತ.

ಮ್ಯಾನೇಜರ್ ಕಾಯ್ತಾನ್ ಕೈ ಕುಲುಕಿ, ನಮ್ಮ ಹಿಂದಕ್ಕೆ ನೋಡಿದ:
"ಹುಡುಗ ಹುಡುಗಿ ಮುಂದಿನ ಫೆರಿಗೆ ಬರ್ತಾರಾ?"
ನಾವೇ, ಎಂದೆ.
ಮಿಣುಕಿ ಮಿಣುಕಿ ಹೊತ್ತುವ ಟ್ಯೂಬ್‌ಲೈಟಿನ ಹಾಗೆ ನಕ್ಕ.

ಕುಣಿತದ ಸಭಾಂಗಣ. ಕಿಟಕಿಗಳಿಗೆ ಗಾಜಿಲ್ಲ,
ಚಿಪ್ಪಿನ ಬಿಲ್ಲೆಗಳು. ಬಿಸಿಲು ಅವುಗಳಲ್ಲಿ ಸೋಸಿ
ಅಕ್ಕಿ ತೊಳೆದ ನೀರಿನ ಬಣ್ಣಕ್ಕೆ ಬಂದಿತ್ತು.
ಗೊಂಚಲು ದೀಪ ಬೆಲ್ಜಿಯಂನದು, ಹಚ್ಚಿದರೆ ಡಿಪಾಸಿಟ್ ಬೇರೆ.
ಪಿಯಾನೋ ಮೇಲೆ ಹೂದಾನಿ ಇಡಕೂಡದು.
ರಾತ್ರಿ ಹತ್ತಕ್ಕೆ ಸಂಗೀತ ಬಂದ್. ಜನರೇಟರಿಗೆ ಗಂಟೆಗಿಷ್ಟು.
ವರನಿಗೆ ಕುದುರೆ ಬೇಕಿದ್ದರೆ ಪಣಜಿಯಿಂದ ತರಿಸಬೇಕು.
ಕುದುರೆಯ ಬಗ್ಗೆ ಪೆಂಡಸೆ ಒಂದು ಕ್ಷಣ ಯೋಚಿಸಿದ್ದು ನನಗೆ ಕಂಡಿತು.

ಎಂಬತ್ತೇಳರಲ್ಲಿ, ಮಾಟುಂಗಾದ ಬಾಡಿಗೆ ಹಾಲಿನಲ್ಲಿ
ಕೈ ಹಿಡಿದವರ ಮುಖ ಕೂಡ ಸರಿಯಾಗಿ ನೋಡಿರಲಿಲ್ಲ.
ಹನ್ನೆರಡೂವರೆಯ ಪಾರ್ಟಿಯವರು ಬ್ಯಾಂಡಿನ ಸಮೇತ
ಮೆಟ್ಟಿಲ ಮೇಲೆ ಕಾಯುತ್ತಿದ್ದರು.
ಧಾರೆಯ ನೀರು ಆರುವ ಮೊದಲೇ ಎಲೆ ಎತ್ತಿದರು,
ನಮ್ಮತ್ತೆಯ ಪಾಯಸ ಅರ್ಧಕ್ಕೇ ಹೋಯಿತು.
ಆ ಅರ್ಧ ಪಾಯಸವನ್ನು ಇಪ್ಪತ್ತೆಂಟು ವರ್ಷ ಕೇಳಿಸಿಕೊಂಡೆ.
ಮುಖ ನೋಡಲು ಆಮೇಲೆ ನಿಧಾನವಾಗಿ ಸಿಕ್ಕಿತು. ಒಳ್ಳೆಯ ಮುಖ,
ಕೊನೆಗೆ ಸಾಯನ್ ಆಸ್ಪತ್ರೆಯ ಹಸಿರು ಹೊದಿಕೆಯ ಮೇಲೂ.

"ಎಷ್ಟು ಜನ?"
ಇಪ್ಪತ್ತಮೂರು. ಅದರಲ್ಲಿಬ್ಬರು ಸಂಶಯ.
"ಕನಿಷ್ಠ ನೂರೈವತ್ತು ತಟ್ಟೆ, ಮೇಡಂ."
ಉಳಿದ ನೂರಿಪ್ಪತ್ತೇಳನ್ನು ಮನಸ್ಸಿನಲ್ಲೇ ಹಂಚತೊಡಗಿದೆ:
ತೀರಿಹೋದವರಿಗೆ ಒಂದೊಂದಾಗಿ ಹಾಕುತ್ತ ಬಂದರೆ
ಲೆಕ್ಕ ಹೆಚ್ಚುಕಮ್ಮಿ ಕೂಡುತ್ತಿತ್ತು.
ಬ್ಯಾಂಕಿನಲ್ಲಿ ಮೂವತ್ತೊಂದು ವರ್ಷ ಕೂತವಳು ನಾನು.

ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ, ಬಾಗಿಲ ಪಕ್ಕದ ಸುಣ್ಣದ ಮೇಲೆ
ಯಾರೋ ಇದ್ದಿಲಿನಲ್ಲಿ ಗೀಟು ಎಳೆದಿದ್ದರು, ಐದೈದರ ಕಟ್ಟು.
"ಈ ಮನೆಯ ಕಿರಿಮಗಳ ಮದುವೆಯ ತೆಂಗಿನಕಾಯಿ,"
ಎಂದ ಕಾಯ್ತಾನ್, ದರ ಹೇಳುವ ದನಿ ಬಿಟ್ಟು.
"ನನ್ನಜ್ಜಿ ಎಣಿಸಿದ್ದು. ಅವಳಿಗೆ ಬರೆಯೋಕೆ ಬರ್ತಿರಲಿಲ್ಲ.
ಸುಣ್ಣ ಬಳಿಯೋರು ಇದೊಂದನ್ನು ಬಿಟ್ಟು ಬಳೀತಾರೆ."
ನಾನೂ ಎಣಿಸಿದೆ. ಒಂದು ಕಟ್ಟಿನಲ್ಲಿ ನಾಲ್ಕೇ.
"ಒಂದು ಕೊಳೆತಿತ್ತಂತೆ," ಎಂದ.

ಮುಂಬಾಗಿಲ ಹೊರಗೆ ಬಲ್ಕಾಂವ್:
ಎದುರುಬದುರು ಎರಡು ಕಲ್ಲಿನ ಆಸನ, ನಡುವೆ ಮೆಟ್ಟಿಲು.
ಪೆಂಡಸೆ ಆಗಲೇ ಕೂತು ಬೂಟು ಬಿಚ್ಚಿದ್ದರು.
ನಾನು ಎದುರಿಗೆ ಕೂತೆ. ಕೆಂಪು ನೆಲ ಕಾಲಿಗೆ ತಣ್ಣಗೆ.
ಬ್ರೆಡ್ಡು ಮಾರುವ ಪೊದೆರ್ ಸೈಕಲ್ಲಿನ ಹಾರ್ನ್ ಒತ್ತುತ್ತ
ಗೇಟಿನಾಚೆ ಹಾದುಹೋದ.
ಇಲ್ಲಿಗೆ ಎಷ್ಟು?
ಕಾಯ್ತಾನ್ ದರಪಟ್ಟಿಯ ಎರಡೂ ಬದಿ ತಿರುಗಿಸಿ ನೋಡಿದ.
"ಇಲ್ಲಿ ಸುಮ್ಮನೆ ಕೂರ್ತಾರೆ, ಮೇಡಂ. ಇದಕ್ಕೆ ದರ ಬರೆದಿಲ್ಲ."
ಹಾಗಾದರೆ ಸುಮ್ಮನೆ ಕೂರ್ತೀವಿ. ಮಂತ್ರ ಇಪ್ಪತ್ತು ನಿಮಿಷ,
ಊಟ ಅಂಗಳದಲ್ಲಿ, ಪಾಯಸಕ್ಕೆ ಗಡಿಯಾರ ಬೇಡ.
ಅವನು ಮಾಲೀಕರಿಗೆ ಫೋನ್ ಮಾಡಿ, ಕೊಂಕಣಿಯಲ್ಲಿ ಬಹಳ ಹೊತ್ತು ವಾದಿಸಿ,
ನಮ್ಮ ಕಡೆ ತಲೆಯಾಡಿಸಿದ.

ನಾನು ಮಗಳಿಗೆ ಮಾಡಿದೆ. ಆ ಕಡೆ ಮೊದಲು ಮೌನ, ಆಮೇಲೆ:
"ಅರಮನೆ ಹುಡುಕಿಕೊಟ್ಟರೆ ಜಗಲಿ ಆರಿಸಿದೆಯಾ, ಅಮ್ಮ?"

ಫಾರ್ಮಿನಲ್ಲಿ ವಧುವಿನ ಹೆಸರು ಎಂಬಲ್ಲಿ ವಾರಿಜಾ ಎಂದು ಬರೆದೆ.
ವಯಸ್ಸಿಗೆ ಕಾಲಂ ಇರಲಿಲ್ಲ.
ಅಂಚಿನಲ್ಲಿ ನಾನೇ ಸೇರಿಸಿದೆ, ಅರವತ್ತೊಂದು.

ವಾಪಸು ಫೆರಿಯಲ್ಲಿ ಪೆಂಡಸೆಗೆ ಚಿಂತೆ:
ಪೂರ್ವದ ಆಸನದವರಿಗೆ ಸಂಜೆಬಿಸಿಲು ಕಣ್ಣಿಗೆ ಹೊಡೆಯುತ್ತೆ,
ಅಲ್ಲಿ ಯಾರು?
ಸರದಿಯ ಮೇಲೆ, ಎಂದೆ.
ಮೊದಲ ಸರದಿ ಯಾರದೆಂಬುದು
ದಡ ಮುಟ್ಟಿದರೂ ಇತ್ಯರ್ಥವಾಗಲಿಲ್ಲ.