ನಾಲ್ಕನೇ ಸೀಟು

ವಡಾಳಾ, ಮೂರನೇ ಮಹಡಿ. ಇರುವುದೊಂದೇ ಫ್ಯಾನು,
ಗಾಳಿಯೆಲ್ಲ ಮುಂದಿನ ಬೆಂಚಿನ ಪಾಲು.
ಬರುವ ವರ್ಷ ಟೀಚರಾಗಲಿರುವ ಹನ್ನೊಂದು ಮಂದಿ
ವಹಿ ತೆರೆದು ಕೂತಿದ್ದಾರೆ.
ನಾನು ಬರೆದೆ: ಹನ್ನೆರಡು ಭಾಗಿಸು ನಾಲ್ಕು.
ಸೀಮೆಸುಣ್ಣ ಕೆಳಗಿಡುವ ಮೊದಲೇ
ಮೂರು, ಮೂರು, ಮೂರು ಎಂದವು ಗಿಳಿಗಳು.

ಮೂರು ಸರಿ. ಉತ್ತರ ಬೇಡ ನನಗೆ,
ಇದಕ್ಕೊಂದು ಕಥೆ ಹೇಳಿ ಅಂದೆ.
ಪದ್ಮಾಕ್ಷಿ ಸಾಲ್ಯಾನ್ ಎದ್ದಳು: ಹನ್ನೆರಡು ಲಾಡು, ನಾಲ್ಕು ಮಕ್ಕಳು.
ಪಕ್ಕದವಳು: ಹನ್ನೆರಡು ಪೇರಲೆ, ನಾಲ್ಕು ಮಕ್ಕಳು.
ಚಿಕ್ಕು, ಪೆನ್ಸಿಲು, ಬಲೂನು,
ಸಾಮಾನು ಬದಲಾಯಿತು, ಮಕ್ಕಳು ಮಾತ್ರ ಅವೇ ನಾಲ್ಕು,
ಜಗಳವಾಡದೆ ಕೈಚಾಚಿ
ಪುಸ್ತಕದ ಚಿತ್ರದಂತೆ ನಗುತ್ತ.

ಇನ್ನೊಂದು ಬಗೆಯ ಕಥೆ ಇಲ್ಲವೇ?
ಕಿಟಕಿಯಾಚೆ ಹಾರ್ಬರ್ ಲೈನಿನ ಗಾಡಿಯೊಂದು
ನಮ್ಮ ಮೌನವನ್ನು ಹೊತ್ತುಕೊಂಡು ಹೋಯಿತು.

ಆಗ ಕೊನೆಯ ಬೆಂಚಿನ ದೇವಿಂದ್ರಪ್ಪ,
ಊರು ಚಿತ್ತಾಪುರ, ಹುಟ್ಟಿದ್ದು ಸಾಯನ್ ಆಸ್ಪತ್ರೆ:
"ಟೀಚರ್, ನಮ್ಮವ್ವ ದಾದರದಾಗ ಕೊತ್ತಂಬರಿ ಕಟ್ತಾಳ್ರಿ.
ನಸುಕಿನ್ಯಾಗ ಗೋಣಿ ಬಿಚ್ಚಿ ಸುರೀತಾಳ.
ಒಂದ್ ಕಟ್ಟಿಗಿ ಒಂದ್ ಹಿಡಿ. ಎಷ್ಟಂತ ಬೆರಳಿಗೇ ಗೊತ್ತದ.
ಎಷ್ಟ್ ಮಂದಿ ಬರ್ತಾರ, ಯಾರ್ ಒಯ್ತಾರ, ಗೊತ್ತಿಲ್ಲ.
ತೆಗೀತಾಳ, ಕಟ್ತಾಳ, ತೆಗೀತಾಳ, ಕಟ್ತಾಳ,
ರಾಶಿ ತೀರಿದ ಮ್ಯಾಲ ಎಣಿಸ್ತಾಳ.
ಇದೂ ಭಾಗಾಕಾರ ಏನ್ರೀ?"

ಇಪ್ಪತ್ತಾರು ವರ್ಷ ಇದನ್ನೇ ಹೇಳಿಕೊಟ್ಟಿದ್ದೇನೆ
ಹೆಸರಿಟ್ಟು, ಅಡಿಗೆರೆ ಎಳೆದು.
ಕೊತ್ತಂಬರಿಯ ವಾಸನೆ ಬಂದದ್ದು ಇವತ್ತು.
ಹಲಗೆಯ ಮೇಲೆ ಬರೆದೆ:
ಅಲ್ಲಿ ಮಂದಿ ಗೊತ್ತು, ಪಾಲೆಷ್ಟು ಗೊತ್ತಿಲ್ಲ.
ಇಲ್ಲಿ ಪಾಲು ಗೊತ್ತು, ಮಂದಿಯೆಷ್ಟು ಗೊತ್ತಿಲ್ಲ.
ಎರಡಕ್ಕೂ ಗುರುತು ಒಂದೇ, ಅಡ್ಡಗೆರೆ,
ಮೇಲೊಂದು ಚುಕ್ಕೆ, ಕೆಳಗೊಂದು.
ಮಗು ಯಾವ ಕಥೆಯೊಳಗೆ ನಿಂತು ತಡವರಿಸುತ್ತಿದೆ
ನೋಡಿ ಮೊದಲು.
ಎಳೆದಿಳಿಸುವುದು ಆಮೇಲಿನ ಮಾತು.

ಚಹಾ ಬಂತು. ಹುಡುಗನ ಕೆಟಲಿನಲ್ಲಿ
ಲೆಕ್ಕಕ್ಕೆ ಆರು ಲೋಟ.
ಆರನ್ನು ಅರ್ಧದಿಂದ ಭಾಗಿಸಿ ಅಂದೆ.
ಮೂರು! ಅಂದರು ಹನ್ನೊಂದೂ ಮಂದಿ.
ಅವನು ಯಾರ ಮಾತೂ ಕೇಳಿಸದವನಂತೆ
ಹನ್ನೆರಡು ಕಟಿಂಗ್ ಸುರಿದ,
ಹನ್ನೊಂದು ಅವರಿಗೆ, ಒಂದು ನನಗೆ,
ಖಾಲಿ ಕೆಟಲು ತೂಗಾಡಿಸುತ್ತ ಮೆಟ್ಟಿಲಿಳಿದ.
ಭಾಗಿಸಿದರೆ ಹೆಚ್ಚೂ ಆಗುತ್ತದೆಯೇ ಎಂದು
ಅಮೀನಾ ನದಾಫ್ ಲೋಟದೊಳಗೇ ನೋಡುತ್ತ ಕೂತಳು,
ಚಹಾ ಕೆನೆಗಟ್ಟುವವರೆಗೆ.

ಹೊರಡುವಾಗ ಪದ್ಮಾಕ್ಷಿ ಕೇಳಿದಳು:
ನಾನು ಕಲಿತ ಕನ್ನಡ ಶಾಲೆಗೆ ಹೋದ ವರ್ಷ ಬೀಗ ಬಿತ್ತು.
ನಾವು ಹನ್ನೊಂದು ಮಂದಿ ಟೀಚರಾಗಿ ಬರುವಷ್ಟರಲ್ಲಿ
ಶಾಲೆ ಸೊನ್ನೆ ಉಳಿದರೆ
ಹನ್ನೊಂದನ್ನು ಅದರಿಂದ ಭಾಗಿಸುವುದು ಹೇಗೆ?
ಪಠ್ಯದಲ್ಲಿ ಅದಕ್ಕೊಂದು ಸಾಲಿದೆ. ನಾನು ಹೇಳಲಿಲ್ಲ.
ಡಸ್ಟರ್ ಹುಡುಕಿದೆ. ಕೈಯಲ್ಲೇ ಇತ್ತು.

ಪನವೇಲ್ ಲೋಕಲ್ಲು, ಹೆಂಗಸರ ಡಬ್ಬಿ.
ಮೂವರ ಸೀಟು, ಕೂತವರು ಮೂವರು,
ತಲೆಗೊಂದು, ಲೆಕ್ಕ ಚೊಕ್ಕ.
ನಿಂತಿದ್ದೆ ನಾನು, ಶೇಷ.
ಚೆಂಬೂರು ಬಂದಾಗ ಕಿಟಕಿಯ ಬದಿಯವಳು,
ಬಟಾಣಿ ಸುಲಿಯುತ್ತ ಕೂತವಳು,
ತಲೆಯೆತ್ತದೆ "ಸರ್ಕಾ ಜರಾ" ಅಂದಳು.
ಮೂವರೂ ಎರಡೆರಡು ಬೆರಳು ಸರಿದರು.
ಅರ್ಧ ತೊಡೆಯೂರಿ ಕೂತೆ.

ಇದಕ್ಕೆ ಯಾವ ಕಥೆ, ಪಾಲಿನದೋ ಕಟ್ಟಿನದೋ?
ಮೂರು ಇನ್ನೂ ಮೂರೇ, ಆದರೂ ಹಿಡಿಸಿತಲ್ಲ.
ನಾಳೆ ದೇವಿಂದ್ರಪ್ಪನನ್ನು ಕೇಳಬೇಕು.
ಒಂದು ಕಾಲು ದಾರಿಯಲ್ಲೇ ಚಾಚಿಕೊಂಡು
ಜೋಮು ಹಿಡಿದು ಮಾನಖುರ್ದ್ ದಾಟಿತು.